ಟೂಟ್ಸ್ ಹಿಬರ್ಟ್ ನೆನಪಿನ ಕಾರ್ಯಕ್ರಮ: ನಮ್ಮ ಹುಡುಗರು ನುಡಿಸಿದ್ರೆ ಯಾಕೆ ರೆಗೇ ಥರ ಕೇಳಲ್ಲ?

ಕೈವಾರಕ್ರಾಸ್ (ಚಿಂತಾಮಣಿ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಒಂದು ಕಾಲೇಜಲ್ಲಿ ಸೆಪ್ಟೆಂಬರ್ 11ಕ್ಕೆ ಜಮೈಕಾದ ರೆಗೇ ಸಂಗೀತದ ಹಾಡುಗಾರ ಟೂಟ್ಸ್ ಹಿಬರ್ಟ್ ನೆನಪಿಗೆ ಅಂತ 30 ನಿಮಿಷ ಕೊಟ್ಟಿದ್ದಾರೆ. ಐದು ನಿಮಿಷ ಪರಿಚಯದ ಮಾತು, ಮಿಕ್ಕಿದ್ದೆಲ್ಲ ಹಾಡು. ಎಲೆಕ್ಟ್ರಿಕ್ ಗಿಟಾರ್, ಬೇಸ್ ಗಿಟಾರ್, 61 ಕೀ ಇರೋ ಕೀಬೋರ್ಡ್, ಡ್ರಮ್ ಸೆಟ್, ಹಾಡೋಕೆ ಮೂವರು, ಜೊತೆಗೆ ಇಬ್ಬರು ತಮಟೆಯವರು ಇದ್ದಾರೆ. ಮೈಕ್ ಸೆಟ್ ಶಾಮಿಯಾನದವರದ್ದು: ಎರಡು ಹಾರ್ನ್, ಎರಡು 12 ಇಂಚಿನ ಬಾಕ್ಸ್. ಜಾಗ ಬಯಲು ರಂಗಮಂದಿರ.

ಪರಿಚಯದಲ್ಲಿ ತಪ್ಪಿಲ್ಲದೆ ಏನು ಹೇಳಬೇಕು? ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ. ಇನ್ನೊಂದು, ಸ್ವರ ಎಲ್ಲ ಸರಿಯಾಗೇ ಹಿಡೀತಾರೆ, ಆದ್ರೂ ಕೇಳೋಕೆ ಬಸ್ಸಲ್ಲಿ ಅಂತ್ಯಾಕ್ಷರಿ ಹಾಡಿದ ಹಾಗಿದೆ. ಒಂದು ಪಾಠದಲ್ಲಿ ಗಿಟಾರ್ 2 ಮತ್ತು 4ನೇ ಏಟಿಗೆ ಅಂತಾರೆ, ಇನ್ನೊಂದರಲ್ಲಿ ಪ್ರತಿ ಏಟಿನ ಮಧ್ಯಕ್ಕೆ ಅಂತಾರೆ. ಯಾವುದು ಸರಿ?

ಹಳೇರೆಕಾರ್ಡು (ಕೋಲಾರ)

ಪರಿಚಯದ ಭಾಗ ನಾನು ಹೇಳ್ತೀನಿ, ವಾದ್ಯದ ವಿಷಯ ಗೊತ್ತಿರೋರು ಹೇಳಲಿ.

ಪೂರ್ತಿ ಹೆಸರು ಫ್ರೆಡರಿಕ್ ನಥಾನಿಯಲ್ ಹಿಬರ್ಟ್. ಹುಟ್ಟಿದ್ದು 1942ರ ಡಿಸೆಂಬರ್ 8, ಜಮೈಕಾದ ಕ್ಲಾರೆಂಡನ್ ಪ್ರಾಂತ್ಯದ ಮೇ ಪೆನ್ ಊರು. ತೀರಿಕೊಂಡಿದ್ದು 2020ರ ಸೆಪ್ಟೆಂಬರ್ 11, ಕಿಂಗ್‌ಸ್ಟನ್‌ನಲ್ಲಿ, 77 ವರ್ಷಕ್ಕೆ. ‘ಟೂಟ್ಸ್’ ಅನ್ನೋದು ಅಣ್ಣ ಕರೀತಿದ್ದ ಅಡ್ಡಹೆಸರು. ಅಪ್ಪ ಅಮ್ಮ ಇಬ್ಬರೂ ಸೆವೆಂತ್ ಡೇ ಅಡ್ವೆಂಟಿಸ್ಟ್ ಚರ್ಚಿನ ಬೋಧಕರು, ಹಾಗಾಗಿ ಗಂಟಲು ಪಳಗಿದ್ದು ಚರ್ಚಿನ ಹಾಡಲ್ಲೇ. ಹನ್ನೊಂದು ವರ್ಷ ಆಗೋ ಹೊತ್ತಿಗೆ ಇಬ್ಬರೂ ಇಲ್ಲ. ಕಿಂಗ್‌ಸ್ಟನ್‌ನ ಟ್ರೆಂಚ್‌ಟೌನ್‌ನಲ್ಲಿದ್ದ ಅಣ್ಣನ ಮನೆ ಸೇರಿದ. ಅಲ್ಲಿ ಒಂದು ಕಟಿಂಗ್ ಶಾಪಲ್ಲಿ ಕೆಲಸ ಮಾಡುವಾಗ ಸಿಕ್ಕವರೇ ರಾಲೀ ಗಾರ್ಡನ್, ಜೆರ್ರಿ ಮಥಾಯಸ್. ಈ ಮೂವರೂ ಸೇರಿ ‘ಮೇಟಲ್ಸ್’. ಮೊದಲ ರೆಕಾರ್ಡಿಂಗ್‌ಗಳು 60ರ ದಶಕದ ಆರಂಭದಲ್ಲಿ, ಕಾಕ್ಸನ್ ಡಾಡ್ ಅನ್ನೋ ನಿರ್ಮಾಪಕನ ಸ್ಟುಡಿಯೋ ಒನ್‌ಗೆ. ಆಗಿನ್ನೂ ರೆಗೇಗೂ ಮುಂಚಿನ, ವೇಗದ ಸ್ಕಾ ಸಂಗೀತದ ಕಾಲ.

1966ರಲ್ಲಿ ಜಮೈಕಾ ಸ್ವಾತಂತ್ರ್ಯೋತ್ಸವದ ಹಾಡಿನ ಸ್ಪರ್ಧೆ ಮೊದಲ ಸಲ ನಡೆದಾಗ ‘ಬ್ಯಾಮ್ ಬ್ಯಾಮ್’ ಹಾಡಿಗೆ ಬಹುಮಾನ. ಮುಂದೆ 1969ರಲ್ಲಿ ‘ಸ್ವೀಟ್ ಅಂಡ್ ಡ್ಯಾಂಡಿ’, 1972ರಲ್ಲಿ ‘ಪಾಂಪ್ಸ್ ಅಂಡ್ ಪ್ರೈಡ್’ ಕೂಡ ಗೆದ್ದವು. ಒಟ್ಟು ಮೂರು ಸಲ. ಮೊದಲ ಗೆಲುವಿನ ಬೆನ್ನಿಗೇ ಗಾಂಜಾ ಕೇಸಲ್ಲಿ ಜೈಲು. ಹೊರಗೆ ಬಂದು ಲೆಸ್ಲಿ ಕಾಂಗ್ ಅನ್ನೋ ನಿರ್ಮಾಪಕನ ಜೊತೆ ಮಾಡಿದ್ದು ‘54-46’, ಜೈಲಿನ ಅನುಭವದ ಹಾಡು. ‘ಮಂಕಿ ಮ್ಯಾನ್’, ‘ಪ್ರೆಶರ್ ಡ್ರಾಪ್’ ಎಲ್ಲ ಕಾಂಗ್ ಜೊತೆಗಿನ ಆ ಮೂರ್ನಾಲ್ಕು ವರ್ಷದ ಫಸಲು. 1971ರಲ್ಲಿ ಕಾಂಗ್ ತೀರಿಹೋದ.

ಎಚ್ಚರ ತಪ್ಪೋ ಜಾಗ ಒಂದಿದೆ. ‘ಮೊದಲ ರೆಗೇ ಹಾಡು ಟೂಟ್ಸ್‌ದು’ ಅಂತ ಮೈಕಲ್ಲಿ ಹೇಳಬೇಡಿ. 1968ರ ‘ಡು ದ ರೆಗೇ’ ಆ *ಹೆಸರನ್ನ* ರೆಕಾರ್ಡಿಗೆ ತಂದ ಹಾಡು, ತಟ್ಟೆ ಮೇಲೆ ಇಂಗ್ಲಿಷಲ್ಲಿ ಆ ಹೆಸರಿನ ಕೊನೇ ಅಕ್ಷರ ‘ಇ’ ಅಲ್ಲ, ‘ವೈ’. ಅದೇ ವರ್ಷದ ಲ್ಯಾರಿ ಮಾರ್ಷಲ್‌ನ ‘ನ್ಯಾನಿ ಗೋಟ್’ನಂಥ ಹಾಡುಗಳಿಗೂ ‘ಮೊದಲನೇದು’ ಅನ್ನೋ ವಾದ ಇದೆ. ಹೆಸರು ಕೊಟ್ಟವನು ಅಂದ್ರೆ ಯಾರೂ ತಕರಾರು ಮಾಡಲ್ಲ.

ಎರಡನೇ ಎಡವಟ್ಟು: ‘ಫಂಕಿ ಕಿಂಗ್‌ಸ್ಟನ್’ ಅನ್ನೋ ಆಲ್ಬಂ ಎರಡಿವೆ. 1973ರದ್ದು ಇಂಗ್ಲೆಂಡಲ್ಲಿ ಬಂತು. 1975ರದ್ದು ಅಮೆರಿಕಕ್ಕೆ ಅಂತ ಐಲ್ಯಾಂಡ್ ಕಂಪನಿ ಬೇರೆ ಹಾಡು ಸೇರಿಸಿ ತಂದಿದ್ದು. ‘ಕಂಟ್ರಿ ರೋಡ್ಸ್’ ಹಾಡಲ್ಲಿ ವೆಸ್ಟ್ ವರ್ಜೀನಿಯಾ ತೆಗೆದು ವೆಸ್ಟ್ ಜಮೈಕಾ ಹಾಕಿರೋದು ಸಿಗೋದು ಎರಡನೇದರಲ್ಲಿ. ಮೂರನೇದು ಇನ್ನೂ ಕೆಟ್ಟದು: 1973ರದ್ದರಲ್ಲಿ ‘ರಿಡೆಂಪ್ಷನ್ ಸಾಂಗ್’ ಅಂತ ಇದೆ, ಅದು ಟೂಟ್ಸ್‌ದೇ ಬೇರೆ ಹಾಡು. ಬಾಬ್ ಮಾರ್ಲಿಯದು 1980ರದ್ದು. ಹೆಸರು ನೋಡಿ ಹುಡುಕಿ, ಮಾರ್ಲಿ ಹಾಡು ಕಲಿತು, ಟೂಟ್ಸ್ ನೆನಪಿಗೆ ಹಾಡಿಬಿಟ್ಟೀರಿ.

ಕೇಳೋರಿಗೆ ಹಿಡಿಸೋ ಒಂದು ಸಂಗತಿ ಬೇಕಂದ್ರೆ ಇದನ್ನ ಹೇಳಿ: 1980ರ ಸೆಪ್ಟೆಂಬರ್ 29ರ ರಾತ್ರಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಪ್ಯಾಲೇಯಲ್ಲಿ ಹಾಡಿದ ಕಾರ್ಯಕ್ರಮ 24 ಗಂಟೆಯೊಳಗೆ ತಟ್ಟೆಯಾಗಿ ಅಂಗಡಿಗೆ ಬಂದಿತ್ತು. ಇನ್ನೊಂದು 2013ರದ್ದು. ಅಮೆರಿಕದ ರಿಚ್ಮಂಡ್‌ನಲ್ಲಿ ವೇದಿಕೆ ಮೇಲಿದ್ದಾಗ ಒಬ್ಬ ಹುಡುಗ ಎಸೆದ ಬಾಟಲಿ ತಲೆಗೆ ಬಿತ್ತು. ಟೂಟ್ಸ್ ಮತ್ತೆ ವೇದಿಕೆ ಹತ್ತಿದ್ದು 2016ಕ್ಕೆ. ಆದರೂ ಆ ಹುಡುಗನಿಗೆ ಶಿಕ್ಷೆ ಕಡಿಮೆ ಮಾಡಿ ಅಂತ ನ್ಯಾಯಾಧೀಶರಿಗೆ ಪತ್ರ ಬರೆದಿದ್ದ.

ಗ್ರ್ಯಾಮಿ ಎರಡು: ‘ಟ್ರೂ ಲವ್’ಗೆ 2005ರಲ್ಲಿ, ‘ಗಾಟ್ ಟು ಬಿ ಟಫ್’ಗೆ 2021ರ ಮಾರ್ಚಲ್ಲಿ. ಎರಡನೇದು ಬಂದಾಗ ಅವನಿಲ್ಲ. ಆ ಆಲ್ಬಂ ಬಿಡುಗಡೆ ಆಗಿದ್ದು 2020ರ ಆಗಸ್ಟ್ 28, ಸಾಯೋಕೆ ಎರಡು ವಾರ ಮುಂಚೆ.

ಡಿಜೆ_ಗೌರಿಬಿದನೂರು

ರೆಗೇ ಅಂದ್ರೆ ಮಾರ್ಲಿ ಗುರು. ಜನಕ್ಕೆ ಗೊತ್ತಿರೋದನ್ನೇ ಹಾಡಿ. ಜಡೆ ವಿಗ್ಗು, ಹಸಿರು ಹಳದಿ ಕೆಂಪು ಬಟ್ಟೆ ಹಾಕಿದ್ರೆ ಸ್ಟೇಜು ತುಂಬುತ್ತೆ.

ಹಳೇರೆಕಾರ್ಡು (ಕೋಲಾರ)

ಮಾರ್ಲಿ ದೊಡ್ಡವನು, ಇಲ್ಲ ಅಂದೋರು ಯಾರು? ಆದ್ರೆ ಇದು ಟೂಟ್ಸ್ ತೀರಿಕೊಂಡ ದಿನ. ಗಾಂಧಿ ಜಯಂತಿಗೆ ನೆಹರೂ ಫೋಟೋ ಇಟ್ಟ ಹಾಗಾಗುತ್ತೆ. ವಿಗ್ ಬೇಡವೇ ಬೇಡ. ಗಾಂಜಾ ಎಲೆ ಚಿತ್ರದ ಬ್ಯಾನರ್ ಅಂತೂ ಕಾಲೇಜಲ್ಲಿ ಕಟ್ಟೋಕೇ ಹೋಗಬೇಡಿ. ಅದೇ ಕೇಸಲ್ಲಿ ಜೈಲು ಕಂಡವನ ನೆನಪಿಗೆ ಅದನ್ನೇ ತೋರಣ ಕಟ್ಟೋದೇನು ಚೆಂದ?

ತಂತಿಮೀಟು (ತುಮಕೂರು)

ಮೊದಲು 2 ಮತ್ತು 4ರ ಜಗಳ. ಎರಡೂ ಸರಿ, ಎಣಿಸೋ ವೇಗ ಬೇರೆ ಅಷ್ಟೆ. ನಿಮಿಷಕ್ಕೆ 144 ಏಟಿನಂತೆ ಎಣಿಸಿದ್ರೆ ಗಿಟಾರ್ 2 ಮತ್ತು 4ಕ್ಕೆ ಬೀಳುತ್ತೆ, ಡ್ರಮ್ಮಿನ ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) 3ಕ್ಕೆ. ಅದನ್ನೇ ಅರ್ಧ ಮಾಡಿ 72ರಂತೆ ಎಣಿಸಿದ್ರೆ ಗಿಟಾರ್ ಪ್ರತಿ ಏಟಿನ ಮಧ್ಯಕ್ಕೆ, ಕಿಕ್ 2 ಮತ್ತು 4ಕ್ಕೆ. ಗಿಟಾರಿನವನು ಒಂದು ಪಾಠ, ಡ್ರಮ್ಮಿನವನು ಇನ್ನೊಂದು ಪಾಠ ನೋಡಿ ಬಂದ್ರೆ ಇಬ್ಬರೂ ‘ಮೂರು’ ಅಂದಾಗ ಬೇರೆ ಬೇರೆ ಜಾಗದಲ್ಲಿರ್ತಾರೆ. ನಿಮ್ಮ ತೊಂದರೆ ಅರ್ಧ ಇಲ್ಲೇ ಇರಬಹುದು. ಎಲ್ಲರೂ 72 ಅಂತ ಒಪ್ಪಿಕೊಳ್ಳಿ. ಸಂಗೀತ ಪಾಠಕ್ಕೆ ಹೋದವರಿಗಾದ್ರೆ ಒಂದೇ ಮಾತು ಸಾಕು: ಗಿಟಾರ್ ಪ್ರತಿ ಅಕ್ಷರಕ್ಕೂ ಅರ್ಧ ಎಡುಪು.

ಅಂತ್ಯಾಕ್ಷರಿ ಥರ ಕೇಳೋಕೆ ಕಾರಣ ಬೆರಳು ಒತ್ತದೆ ಬಿಟ್ಟ ತಂತಿ. ಜಿ, ಸಿ, ಡಿ ಸ್ವರಮೇಳಗಳನ್ನ ಗಿಟಾರ್ ಕತ್ತಿನ ತುದಿಯಲ್ಲಿ ಹಿಡಿದು ಮೇಲೆ ಕೆಳಗೆ ಬಾರಿಸಿದ್ರೆ ನಾದ ಹರಿದುಹೋಗ್ತಾನೇ ಇರುತ್ತೆ. ರೆಗೇಗೆ ಬೇಕಿರೋದು ‘ಚಕ್’ ಅಂತ ಕತ್ತರಿಸಿದ ಶಬ್ದ. ಎಲ್ಲಾ ಸ್ವರಮೇಳವನ್ನೂ ಬಾರ್ ಹಿಡಿತದಲ್ಲಿ (ಒಂದೇ ಬೆರಳನ್ನ ತಂತಿಗಳ ಮೇಲೆ ಅಡ್ಡ ಒತ್ತಿ), ಮೂರನೇ ಫ್ರೆಟ್‌ನಿಂದ (ಕತ್ತಿನ ಮೇಲಿನ ಲೋಹದ ಗೆರೆ) ಮೇಲೆ ಹಿಡೀರಿ. ಬಾರಿಸೋದು ತೆಳು ತಂತಿ ಮೂರೋ ನಾಲ್ಕೋ, ದಪ್ಪ ಎರಡನ್ನ ಮುಟ್ಟಲೇಬೇಡಿ, ಆ ಜಾಗ ಬೇಸ್‌ಗೆ ಸೇರಿದ್ದು. ಬಲಗೈ ಬರೀ ಕೆಳಮುಖ. ಏಟು ಬಿದ್ದ ತಕ್ಷಣ ಎಡಗೈ ಬೆರಳು ಸಡಿಲಿಸಿ, ಆದ್ರೆ ತಂತಿ ಬಿಡಬೇಡಿ. ಪೂರ್ತಿ ಎತ್ತಿದ್ರೆ ಖಾಲಿ ತಂತಿ ಕೂಗುತ್ತೆ, ಸಡಿಲಿಸದೇ ಇದ್ರೆ ಮತ್ತೆ ಅಂತ್ಯಾಕ್ಷರಿ. ಮಂಡಿಗೆ ಗಿಟಾರ್ ಒರಗಿಸಿ ಹತ್ತು ನಿಮಿಷ ಬರೀ ಇದನ್ನೇ ಮಾಡಲಿ. ಆಂಪಲ್ಲಿ ಡಿಸ್ಟಾರ್ಷನ್ ಆಫ್, ಬೇಸ್ ಗುಂಡಿ ಕಾಲು ಭಾಗ, ಟ್ರೆಬಲ್ ಮುಕ್ಕಾಲು.

ಕೀಬೋರ್ಡಿನವರು ಸಾಮಾನ್ಯವಾಗಿ ಸ್ಟ್ರಿಂಗ್ಸ್ ಟೋನ್ ಹಾಕಿ ಒತ್ತಿ ಹಿಡೀತಾರೆ. ಅದು ಭಾವಗೀತೆಗೆ ಚೆನ್ನ, ಇಲ್ಲಿ ಎಲ್ಲಾ ಸಂದೂ ಮುಚ್ಚಿಹಾಕುತ್ತೆ. ಆರ್ಗನ್ ಟೋನ್ ಹಾಕಿ. ಒಂದು ಏಟನ್ನ ನಾಲ್ಕು ಪಾಲು ಮಾಡಿ: ಮೊದಲನೇ ಪಾಲು ಖಾಲಿ, ಎರಡನೇದಕ್ಕೆ ಎಡಗೈ, ಮೂರನೇದಕ್ಕೆ ಬಲಗೈ, ನಾಲ್ಕನೇದಕ್ಕೆ ಮತ್ತೆ ಎಡಗೈ. ಬಲಗೈ ಬೀಳೋ ಜಾಗವೇ ಗಿಟಾರಿನ ‘ಚಕ್’. ಬಲಗೈಗಿಂತ ಎಡಗೈ ಮೆಲ್ಲಗೆ. ಗಂಜಿ ಕುದಿಯುವಾಗ ಗುಳ್ಳೆ ಒಡೆಯೋ ಥರ ಕೇಳಬೇಕು, ಇಂಗ್ಲಿಷಲ್ಲೂ ಇದಕ್ಕೆ ಬಬಲ್ ಅಂತಾನೇ ಹೆಸರು. ಎಷ್ಟು ಜೋರಿರಬೇಕು ಅಂದ್ರೆ, ನುಡಿಸ್ತಿರುವಾಗ ಗೊತ್ತಾಗಬಾರದು, ನಿಲ್ಲಿಸಿದ್ರೆ ಏನೋ ಹೋಯ್ತು ಅನ್ನಿಸಬೇಕು.

ಡ್ರಮ್ಮು. ಒಂದನೇ ಏಟಿಗೆ ಕಿಕ್ ಹೊಡೆಯೋ ಚಾಳಿ ಬಿಡಿಸೋದೇ ಕಷ್ಟ. ನಮ್ಮಲ್ಲಿ ಯಾವ ಹಾಡಾದ್ರೂ ಮೊದಲ ಏಟು ಗಟ್ಟಿ. ಇಲ್ಲಿ ಒಂದು ಖಾಲಿ ಹೋಗುತ್ತೆ, ಭಾರ ಎಲ್ಲ ಎರಡಕ್ಕೆ. ಅಲ್ಲಿ ಕಿಕ್ ಮತ್ತು ಸ್ನೇರ್ ಅನ್ನೋ ಸಣ್ಣ ಡ್ರಮ್ಮಿನ ಅಂಚಿನ ‘ಟಕ್’ ಎರಡೂ ಒಂದೇ ಕ್ಷಣಕ್ಕೆ. ಆ ಟಕ್ ಬರಬೇಕಾದ್ರೆ ಕಡ್ಡಿಯನ್ನ ಅಡ್ಡ ಮಲಗಿಸಿ, ತುದಿ ಚರ್ಮದ ಮೇಲೆ ಊರಿ, ಬುಡ ಅಂಚಿಗೆ ಬಡೀಬೇಕು. ಸ್ವಲ್ಪ ಹಿಂದೆ ಮುಂದೆ ಸರಿಸಿ ನೋಡಿ, ಒಂದು ಜಾಗದಲ್ಲಿ ಮರದ ಶಬ್ದ ಗಟ್ಟಿಯಾಗಿ ಬರುತ್ತೆ, ಅಲ್ಲಿ ಕಡ್ಡಿಗೆ ಗುರುತು ಹಾಕಿಕೊಳ್ಳಿ. ಈ ನಡೆಗೆ ಒನ್ ಡ್ರಾಪ್ ಅಂತ ಹೆಸರು. ಇದು ಚೆನ್ನಾಗಿ ಹರಡಿದ್ದು 70ರ ದಶಕದಲ್ಲಿ. ಲೆಸ್ಲಿ ಕಾಂಗ್ ಕಾಲದ ಹಾಡುಗಳು ಅದಕ್ಕಿಂತ ಚುರುಕು, ಆರ್ಗನ್ ಕುಣಿತಾ ಇರುತ್ತೆ. ಆದ್ರೂ ಅಭ್ಯಾಸ 72ರಲ್ಲೇ ಶುರು ಮಾಡಿ, ಕೈ ಕೂತ ಮೇಲೆ ಮೂಲ ರೆಕಾರ್ಡಿನ ವೇಗಕ್ಕೆ ಏರಿಸಿ. ತಿರುಗಾ ಮುರುಗಾ ಮಾಡಿದ್ರೆ ಆಗಲ್ಲ.

ಹಾಡು ಮಧ್ಯದಲ್ಲಿ ‘ಮಗುಚೋದು’ ಅಂತ ಒಂದಿದೆ. ಒಂದೆರಡು ನಿಮಿಷ ಸರಿಯಾಗಿ ಹೋಗಿ ಆಮೇಲೆ ಗಿಟಾರ್ ಏಟಿನ ಮೇಲೇ ಬೀಳೋಕೆ ಶುರು. ಯಾರಿಗೂ ಯಾವಾಗ ತಪ್ಪಿತು ಅಂತ ತಿಳಿಯಲ್ಲ. ಬಹುತೇಕ ಅದು ಡ್ರಮ್ಮಿನವನು ಒಂದು ಉರುಳಿಕೆ ಹಾಕಿ ‘ಢಂ’ ಅಂತ ಕ್ರ್ಯಾಶ್ ಹೊಡೆದ ಜಾಗ. ಕಿವಿ ಆ ಏಟನ್ನೇ ಒಂದು ಅಂದುಕೊಂಡುಬಿಡುತ್ತೆ. ಮೊದಲ ಕಾರ್ಯಕ್ರಮಕ್ಕೆ ಕ್ರ್ಯಾಶ್ ತಟ್ಟೆ ಬಿಚ್ಚಿಟ್ಟುಬಿಡಿ. ಹಾಡೋರು ಕಾಲಲ್ಲಿ ಏಟು ತಟ್ಟಲಿ, ಗಿಟಾರಿನವನು ಅವರ ಕಾಲು ನೋಡಲಿ.

ಬೇಸ್ ಕೊನೆಗೆ ಹೇಳ್ತಿದ್ದೀನಿ, ಆದ್ರೆ ಹಾಡು ನಿಂತಿರೋದೇ ಅದರ ಮೇಲೆ. ಟೋನ್ ಗುಂಡಿ ಪೂರ್ತಿ ಮುಚ್ಚಿ, ಹೆಬ್ಬೆರಳಲ್ಲಿ ಕತ್ತಿನ ಹತ್ತಿರ ಮೀಟಿ. ಬ್ರಿಡ್ಜ್ (ಗಿಟಾರ್ ಮೈ ಮೇಲೆ ತಂತಿ ಕೂರೋ ಪಟ್ಟಿ) ಹತ್ತಿರ ತಂತಿ ಕೆಳಗೆ ಪಾತ್ರೆ ತೊಳೆಯೋ ಸ್ಪಂಜಿನ ತುಂಡು ತುರುಕಿದ್ರೆ ಸ್ವರ ಗುಂಡಗೆ, ಗಿಡ್ಡಗೆ ಬರುತ್ತೆ. ಸ್ಪಂಜು ತಂತಿಗೆ ಸುಮ್ಮನೆ ತಾಗಬೇಕು, ಮೇಲಕ್ಕೆ ಒತ್ತಬಾರದು. ಒತ್ತಿದ್ರೆ ಶ್ರುತಿ ಏರಿಬಿಡುತ್ತೆ. ಎರಡು ಸಾಲಿನ ಒಂದು ನಡೆ ಕಲಿತು ಹಾಡು ಮುಗಿಯೋವರೆಗೂ ಅದನ್ನೇ ನುಡಿಸಿ. ಬೇಜಾರಾಯ್ತು ಅಂತ ಮಧ್ಯೆ ಸ್ವರ ತುರುಕಬೇಡಿ. ಮೇಟಲ್ಸ್ ಹಾಡುಗಳಲ್ಲಿ ಜಾಕಿ ಜಾಕ್ಸನ್ ಬೇಸನ್ನ ಮಾತ್ರ ಹಿಡಿದು ಕೇಳಿ, ಎಷ್ಟು *ನುಡಿಸಿಲ್ಲ* ಅನ್ನೋದು ಗೊತ್ತಾಗುತ್ತೆ.

ಮೈಕ್‌ಸೆಟ್_ಶಿರಾ

ತಂತಿಮೀಟು ಅಣ್ಣ ಹೇಳಿದ್ದೆಲ್ಲ ಸರಿ, ಆದ್ರೆ ಎರಡು ಹಾರ್ನಲ್ಲಿ ಆ ಬೇಸ್ ಕೇಳೋರ್ಯಾರು? ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್. ಹಾರ್ನ್ 300ರ ಕೆಳಗೆ ಹೆಚ್ಚುಕಡಿಮೆ ಮೂಕ. ಅದು ಭಾಷಣಕ್ಕೆ, ದೇವಸ್ಥಾನದ ಸುಪ್ರಭಾತಕ್ಕೆ ಮಾಡಿರೋದು. ಜೋರು ಮಾಡಿದಷ್ಟೂ ಡಯಾಫ್ರಾಂ ಹರಿಯುತ್ತೆ, ಬೇಸ್ ಮಾತ್ರ ಬರಲ್ಲ. ಹಾರ್ನ್‌ಗೆ ಮಾತಿನ ಮೈಕ್ ಬಿಟ್ಟು ಇನ್ನೇನೂ ಕೊಡಬೇಡಿ. ಹಾಡಿನ ಹೊತ್ತಿಗೆ ಅದನ್ನೂ ಆಫ್ ಮಾಡಿಸಿ.

12 ಇಂಚಿನ ಬಾಕ್ಸಲ್ಲಿ ಒಂದು ಕೋಣೆಗೆ ಸಾಲುತ್ತೆ, ಬಯಲಿಗೆ ಸಾಲಲ್ಲ. ಡಿಜೆಯವರ ಹತ್ತಿರ 18 ಇಂಚಿನ ಬೇಸ್ ಬಾಕ್ಸ್ ಎರಡು ಬಾಡಿಗೆಗೆ ತಗೊಳ್ಳಿ, ಕ್ರಾಸ್‌ಓವರ್ (ಬೇಸ್ ಬಾಕ್ಸಿಗೆ ಹೋಗೋ ಶಬ್ದದ ಮೇಲಿನ ಗಡಿ) 100 ಹರ್ಟ್ಸ್ ಹತ್ತಿರ ಇಡಿಸಿ. ಬೇಸ್ ಗಿಟಾರನ್ನ ಡಿಐ ಬಾಕ್ಸ್ (ಗಿಟಾರಿನ ಸಿಗ್ನಲನ್ನ ಮಿಕ್ಸರ್‌ಗೆ ಹೊಂದಿಸೋ ಸಣ್ಣ ಪೆಟ್ಟಿಗೆ) ಮೂಲಕ ನೇರ ಮಿಕ್ಸರ್‌ಗೆ ಕೊಡಿ. ಜನರೇಟರ್ ಇದ್ದಾಗ ‘ಗುಂಯ್’ ಅಂತ ಶಬ್ದ ಬಂದ್ರೆ ಡಿಐ ಮೇಲಿರೋ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕೋ ಬುದ್ಧಿವಂತಿಕೆ ಬೇಡ, ಮೈಕ್ ಹಿಡಿದವನಿಗೆ ಶಾಕ್ ಹೊಡೆಯುತ್ತೆ. ಹಾಡೋ ಮೈಕ್‌ಗಳಿಗೆಲ್ಲ 100 ಹರ್ಟ್ಸ್ ಕೆಳಗೆ ಕತ್ತರಿಸೋ ಗುಂಡಿ ಒತ್ತಿಸಿ.

ಎಕೋ! ಶಾಮಿಯಾನದವರ ಮಿಕ್ಸರಲ್ಲಿ ಎಕೋ ಯಾವಾಗ್ಲೂ ಅರ್ಧಕ್ಕೆ ತಿರುಗಿರುತ್ತೆ. ರೆಗೇ ಅಂದ ತಕ್ಷಣ ಎಕೋ ಬೇಕು ಅಂತ ಇನ್ನೂ ತಿರುಗಿಸ್ತಾರೆ. ಅದು ಆಮೇಲೆ ಬಂದ ಡಬ್ ಸಂಗೀತದ್ದು, ರೆಗೇ ರೆಕಾರ್ಡನ್ನೇ ಎಕೋ ಹಾಕಿ ಮತ್ತೆ ಮಿಕ್ಸ್ ಮಾಡೋದು. ಟೂಟ್ಸ್‌ನ ಹಳೇ ರೆಕಾರ್ಡುಗಳು ಒಣ ದನಿ. ಸೊನ್ನೆಗೆ ತನ್ನಿ. ಕೊನೇ ಸಾಲಿಗೆ ಮಾತ್ರ ಹಾಕ್ಲೇಬೇಕು ಅಂದ್ರೆ 72ರ ವೇಗಕ್ಕೆ ಒಂದು ಏಟು 833 ಮಿಲಿಸೆಕೆಂಡ್, ಅರ್ಧ ಏಟು 417. ಬೇರೆ ವೇಗಕ್ಕೆ 60,000ವನ್ನ ವೇಗದಿಂದ ಭಾಗಿಸಿ.

ಬಯಲಲ್ಲಿ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ಕ್ಕೆ ನಿಲ್ಲಿಸಬೇಕು. ಹಾಡಿನ ಹಕ್ಕಿನ ಬಗ್ಗೆ ಯಾರಾದ್ರೂ ಕೇಳಿದ್ರೆ: ಕಾಲೇಜಿನ ವಿದ್ಯಾರ್ಥಿಗಳು, ಸಿಬ್ಬಂದಿಯೇ ಕಾಲೇಜಿನ ಚಟುವಟಿಕೆಯಾಗಿ ಹಾಡಿ, ಕೇಳೋರೂ ಅವರೇ ಮತ್ತು ಪೋಷಕರು ಆಗಿದ್ರೆ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಊರವರನ್ನೆಲ್ಲ ಕರೆದ್ರೆ, ಯೂಟ್ಯೂಬಲ್ಲಿ ನೇರ ಬಿಟ್ರೆ ಆ ಲೆಕ್ಕ ಬೇರೆ.

ಕೈವಾರಕ್ರಾಸ್ (ಚಿಂತಾಮಣಿ)

ತುಂಬಾ ಉಪಕಾರ ಆಯ್ತು ಅಣ್ಣಂದಿರಾ. ವಿಗ್ ಕ್ಯಾನ್ಸಲ್, ಕ್ರ್ಯಾಶ್ ಬಿಚ್ಚಿದ್ದೀವಿ. ತಮಟೆಯವರು ನಮ್ಮ ಕಾಲೇಜಿನ ಹುಡುಗರೇ, ಬಿಡೋಕಾಗಲ್ಲ. ಅವರು ಶುರು ಮಾಡಿದ್ರೆ ಹಾಡೇ ಕೇಳಲ್ಲ. ಆಮೇಲೆ ಹಿಂದೆ ಹಾಡೋ ಇಬ್ಬರದು ತೀರಾ ಪಿಸುಮಾತು.

ಅಂತರಗಂಗೆ (ಕೋಲಾರ)

ತಮಟೆ ಬಿಡಬೇಡಿ. ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗೇ ಪದ್ಮಶ್ರೀ ಬಂದಿದೆ, ಅಲ್ಲಿಂದ ಬರೋ ಕಾರ್ಯಕ್ರಮದಲ್ಲಿ ತಮಟೆ ಇಲ್ಲ ಅಂದ್ರೆ ಹೇಗೆ? ಆದ್ರೆ ಅದಕ್ಕೂ ಖಾಲಿ ಜಾಗ ಬಿಡೋದು ಕಲಿಸಬೇಕು.

ಜಮೈಕಾದಲ್ಲೇ ಇದಕ್ಕೊಂದು ಮಾದರಿ ಇದೆ. ರಾಸ್ತಫಾರಿ ಅನ್ನೋ ಅಲ್ಲಿನ ಧಾರ್ಮಿಕ ಪಂಥದವರು ಪ್ರಾರ್ಥನೆಗೆ ಬಾರಿಸೋ ನ್ಯಾಬಿಂಗಿ ವಾದ್ಯ ಮೂರು: ದೊಡ್ಡ ಬೇಸ್ ಡ್ರಮ್, ಎದೆಬಡಿತದ ಹಾಗೆ ಒಂದೇ ಸಮ ಹೋಗೋ ಫುಂಡೆ, ಅದರ ಮೇಲೆ ಮಾತಾಡೋ ರಿಪೀಟರ್. 1960ರ ಸುಮಾರಿಗೇ ಕೌಂಟ್ ಓಸಿ ತಂಡ ಇದನ್ನ ಜನಪ್ರಿಯ ರೆಕಾರ್ಡಿಗೆ ತಂದಿತ್ತು. ನಿಮ್ಮಲ್ಲಿ ಕಿಕ್ ಡ್ರಮ್ಮೇ ದೊಡ್ಡದು. ಒಬ್ಬ ತಮಟೆಯವನು ಫುಂಡೆ: ದಪ್ಪ ಕಡ್ಡಿಯಲ್ಲಿ ಮಧ್ಯಕ್ಕೆ, ಮೆಲ್ಲಗೆ ‘ದುಂ ದುಂ’, ಆಮೇಲೆ ಅಷ್ಟೇ ಹೊತ್ತು ಸುಮ್ಮನೆ. ಇನ್ನೊಬ್ಬನಿಗೆ ಸಣ್ಣ ಕಡ್ಡಿಯ ಮಾತು, ಅದೂ ಹಾಡೋನು ಸಾಲು ಮುಗಿಸಿ ಉಸಿರು ತಗೊಳ್ಳೋ ಜಾಗದಲ್ಲಿ ಮಾತ್ರ. ಒಂದೇ ಸಮ ಉರುಳಿಸೋದನ್ನ ಕೊನೇ ಹಾಡಿನ ಕೊನೇ ನಿಮಿಷಕ್ಕೆ ಇಟ್ಟುಕೊಳ್ಳಿ, ಆಗ ಜನ ಎದ್ದು ಕುಣೀತಾರೆ.

ಅವರಿಗೆ ಮೈಕ್ ಬೇಡ. ಹಾಡೋ ಮೈಕ್‌ಗಳಿಂದ ಹತ್ತು ಹನ್ನೆರಡು ಅಡಿ ಆಚೆ, ತಮಟೆಯ ಮುಖ ಜನರ ಕಡೆಗೆ. ಚರ್ಮದ ತಮಟೆಯಾದ್ರೆ ಸೆಪ್ಟೆಂಬರ್ ಸಂಜೆಯ ತಂಡಿಗೆ ಬೇಗ ಇಳಿದು ‘ಬೊದ್’ ಅನ್ನುತ್ತೆ. ರಂಗಮಂದಿರದ ಹಿಂದೆ, ವೈರು, ಶಾಮಿಯಾನದ ಬಟ್ಟೆಯಿಂದ ದೂರ, ಒಣಹುಲ್ಲಿನ ಬೆಂಕಿ ಹಾಕಿ. ತಮಟೆಯನ್ನ ಒಂದೇ ಕಡೆ ಹಿಡೀಬೇಡಿ, ತಿರುಗಿಸ್ತಾ ಕಾಯಿಸಬೇಕು, ಬೆರಳಲ್ಲಿ ತಟ್ಟಿ ‘ಟಣ್’ ಅಂದ್ರೆ ಸಾಕು. ಹೆಚ್ಚು ಕಾದ್ರೆ ಅಂಚಿಂದ ಬಿರಿಯುತ್ತೆ. ಪರಿಚಯದ ಮಾತಿಗೆ ಮುಂಚೆ ಕಾಯಿಸಿದ್ರೆ ಐದು ನಿಮಿಷ ವ್ಯರ್ಥ, ಮಾತು ನಡೀತಿರುವಾಗ ಕಾಯಿಸಿ ನೇರ ವೇದಿಕೆಗೆ ಬರಲಿ. ಫೈಬರ್ ಹಾಳೆಯದ್ದಾದ್ರೆ ಈ ರಗಳೆ ಇಲ್ಲ, ಆದ್ರೆ ಶಬ್ದ ಇನ್ನೂ ಚೂಪು, ಇನ್ನೂ ದೂರ ನಿಲ್ಲಿಸಿ.

ಹಿಂದೆ ಹಾಡೋರ ವಿಷಯ. ಮೇಟಲ್ಸ್ ಹಾಡು ಚರ್ಚಿನಿಂದ ಬಂದಿದ್ದು. ಒಬ್ಬ ಕರೀತಾನೆ, ಇಬ್ಬರು ಓಗೊಡ್ತಾರೆ. ಕೈವಾರದಲ್ಲಿ ತಾತಯ್ಯನವರ ತತ್ವಪದ ಭಜನೆಗೆ ಕೂತವರನ್ನ ನೋಡಿದ್ದೀರಲ್ಲ, ಮುಂದಿನವನು ಸಾಲು ಬಿಟ್ಟ ಕ್ಷಣ ಹಿಂದಿನವರು ಎತ್ತಿಕೊಳ್ಳೋದು? ಅದೇ ಎದೆಗಾರಿಕೆ ಬೇಕು. ನಾಜೂಕಾಗಿ ಹಾರ್ಮನಿ ಹಾಡೋಕೆ ಹೋಗಿ ದನಿ ಸಣ್ಣ ಆಗ್ತಿದೆ. ಇಬ್ಬರಿಗೂ ಒಂದೇ ಮೈಕ್ ಕೊಡಿ, ಗೇಣು ದೂರ ನಿಂತು ಪೂರ್ತಿ ಗಂಟಲಲ್ಲಿ ಹಾಡಲಿ. ಒಂದೇ ಮೈಕ್ ಇದ್ರೆ ಒಬ್ಬರನ್ನೊಬ್ಬರು ಕೇಳಿಸಿಕೊಂಡು ಸರಿಹೋಗ್ತಾರೆ. ಮುಖ್ಯ ಹಾಡುಗಾರನಿಗೆ ಟೂಟ್ಸ್‌ನ ಶ್ರುತಿ ಎತ್ತರ ಆಗುತ್ತೆ. ಹಾಡಿನಲ್ಲಿ ಎಲ್ಲಕ್ಕಿಂತ ಮೇಲೆ ಕೂಗೋ ಸಾಲನ್ನ ಮೂರು ಸಲ ಬಿಡದೆ ಹಾಡಿಸಿ. ಮೂರನೇ ಸಲ ಕರ್ಕಶ ಆದ್ರೆ ಕೀಬೋರ್ಡಲ್ಲಿ ಟ್ರಾನ್ಸ್‌ಪೋಸ್ (ಶ್ರುತಿ ಏರಿಸಿ ಇಳಿಸೋ ಗುಂಡಿ) ಮೈನಸ್ 2, ಗಿಟಾರ್ ಮತ್ತು ಬೇಸ್ ಎರಡು ಫ್ರೆಟ್ ಕೆಳಕ್ಕೆ. ಜಮೈಕಾ ಉಚ್ಚಾರಣೆ ಅನುಕರಿಸೋದು ಬೇಡ, ಅಣಕ ಮಾಡಿದ ಹಾಗೆ ಕೇಳುತ್ತೆ.

ಹಳೇರೆಕಾರ್ಡು (ಕೋಲಾರ)

ಹಾಡಿನ ಸರದಿ ಕೇಳಿಲ್ಲ, ಆದ್ರೂ ಹೇಳ್ತೀನಿ. ‘ಸ್ವೀಟ್ ಅಂಡ್ ಡ್ಯಾಂಡಿ’ ಮೊದಲು, ಅದು ಮದುವೆ ಮನೆ ಗಲಾಟೆಯ ಹಾಡು, ಜನ ಬೇಗ ಹತ್ತಿರ ಆಗ್ತಾರೆ. ಮಧ್ಯದಲ್ಲಿ ‘ಪ್ರೆಶರ್ ಡ್ರಾಪ್’. ಕೊನೆಗೆ ‘54-46’, ಅದರಲ್ಲಿ ಕೂಗು ಮರುಕೂಗು ಎಷ್ಟು ಹೊತ್ತು ಬೇಕಾದ್ರೂ ಎಳೀಬಹುದು, ತಮಟೆಗೂ ಜಾಗ ಸಿಗುತ್ತೆ. ‘ಮಂಕಿ ಮ್ಯಾನ್’ ಕಲೀತಿದ್ರೆ 1979ರ ಸ್ಪೆಷಲ್ಸ್ ಅನ್ನೋ ಇಂಗ್ಲೆಂಡಿನ ತಂಡದ್ದು ಕೇಳಿ ಕಲೀಬೇಡಿ. ಅದು ಚೆನ್ನಾಗಿದೆ, ಆದ್ರೆ ಮತ್ತೆ ಸ್ಕಾ ಮಾಡಿ ಓಡಿಸಿದ್ದಾರೆ, ಡ್ರಮ್ಮಿನವನ ಕೈ ಮತ್ತೆ ಕೆಡುತ್ತೆ.

ಕೈವಾರಕ್ರಾಸ್ (ಚಿಂತಾಮಣಿ)

18 ಇಂಚಿನದ್ದು ಎರಡು ಸಿಕ್ಕಿದೆ. ವೇದಿಕೆ ಎರಡೂ ಬದಿಗೆ ಒಂದೊಂದು ಇಡೋದಾ?

ಮೈಕ್‌ಸೆಟ್_ಶಿರಾ

ಬೇಡ. ಎಡಕ್ಕೊಂದು ಬಲಕ್ಕೊಂದು ಇಟ್ರೆ ಕೂತವರಲ್ಲಿ ಕೆಲವರಿಗೆ ಬೇಸ್ ದಪ್ಪ, ನಾಲ್ಕು ಹೆಜ್ಜೆ ಪಕ್ಕದವರಿಗೆ ಏನೂ ಇಲ್ಲ, ಅಲೆ ಅಲೆಗೆ ಹೊಡೆದು ಸಾಯುತ್ತೆ. ಎರಡನ್ನೂ ಒತ್ತೊತ್ತಿಗೆ, ವೇದಿಕೆ ಮುಂದೆ ಮಧ್ಯದಲ್ಲಿ, ನೆಲದ ಮೇಲೆ. ವೇದಿಕೆ ಹಲಗೆ ಮೇಲೆ ಇಟ್ರೆ ಹಲಗೆಯೇ ನಡುಗಿ ಮೈಕ್‌ಗಳು ಕೂಗ್ತವೆ. ಆನ್ ಮಾಡಿ ಬೇಸ್ ಒಂದನ್ನೇ ನುಡಿಸಿ ಕೇಳಿ. ಶಬ್ದ ತೆಳ್ಳಗಿದ್ರೆ ಒಂದು ಬಾಕ್ಸಿನ ವೈರು ಪ್ಲಸ್ ಮೈನಸ್ ಅದಲು ಬದಲಾಗಿದೆ, ಆಂಪ್ ಆಫ್ ಮಾಡಿ ಒಂದು ಕಡೆ ತಿರುಗಿಸಿ ಹಾಕಿ ಮತ್ತೆ ಕೇಳಿ.